ಗಿಟಾರಿನವನ ಕಾಲ ಬುಡದಲ್ಲಿ ಏನಿದೆ?

ಮಳೆ ಸ್ವಲ್ಪ ಹೊಳವಾದರೆ ಸಾಕು, ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾವುದಾದರೂ ಒಂದು ಊರಲ್ಲಿ ರಸಮಂಜರಿ ಇದ್ದೇ ಇರತ್ತೆ. ಗಣಪತಿ ಪೆಂಡಾಲ್, ರಾಜ್ಯೋತ್ಸವ, ಊರ ಜಾತ್ರೆ, ಕಾಲೇಜ್ ಡೇ, ಏನಾದರೊಂದು ನೆಪ. ಬೆಂಗಳೂರಿನವರು ರಾಕ್ ಕಾನ್ಸರ್ಟ್ ಅಂತ ಕರೆಯೋದು ಈ ಮೂರು ತಾಲೂಕಿನಲ್ಲಿ ಅಪರೂಪ. ಆದರೆ ಆರ್ಕೆಸ್ಟ್ರಾದವರ ಮಧ್ಯೆ ಎಲೆಕ್ಟ್ರಿಕ್ ಗಿಟಾರ್ ಹಿಡಿದವನೊಬ್ಬ ಇರ್ತಾನೆ. ಅವನ ಕಾಲ ಬುಡದಲ್ಲಿ ಬಣ್ಣಬಣ್ಣದ ಸಣ್ಣ ಡಬ್ಬಿಗಳೋ, ಇಲ್ಲಾ ನಾಲ್ಕು ಸ್ವಿಚ್ ಇರೋ ಒಂದು ಉದ್ದನೆಯ ಪೆಟ್ಟಿಗೆಯೋ ಇರತ್ತೆ. ಅವನು ಅದನ್ನ ಒತ್ತಿದ ತಕ್ಷಣ ಮುಂದಿನ ಸಾಲಿನ ಅಜ್ಜ ಕಿವಿ ಮುಚ್ಕೋತಾರೆ. "ಎಂಥ ಗಲಾಟೆ ಮಾರಾಯ!"

ನನ್ನ ಪ್ರಕಾರ ಅಜ್ಜ ಹೇಳಿದ್ದು ಸರಿ. ಆದರೆ ತಪ್ಪು ರಾಕ್ ಸಂಗೀತದ್ದಲ್ಲ, ಬಹುಪಾಲು ಸಿಗ್ನಲ್ ಚೈನಿನದ್ದು. ನಮ್ಮ ಕ್ಯಾಂಪಸ್ಸಿನ ಬ್ಯಾಂಡುಗಳೂ ಇಂಥ ವೇದಿಕೆಗೆ ಹೋಗ್ತಾವೆ. ಅಲ್ಲಿ ಸಿಗೋದು ಐದು ನಿಮಿಷದ ಸೌಂಡ್ ಚೆಕ್, ಅದೂ ಸಿಕ್ಕಿದರೆ. ಆ ಊರಿನವರು ಮುಂದಿನ ವರ್ಷ ಮತ್ತೆ ಕರೀತಾರೋ, "ರಾಕ್‌ನವರು ಬೇಡ, ಕಾಮಿಡಿ ತಂಡ ಸಾಕು" ಅಂತಾರೋ ಅನ್ನೋದು ಆ ಡಬ್ಬಿಗಳ ಮೇಲೆ ನಿಂತಿರತ್ತೆ.

ಪೆಡಲ್ ಕಾಲಲ್ಲಿ ಇರೋದಕ್ಕೆ ಕಾರಣ ಸರಳ, ಎರಡೂ ಕೈ ಬ್ಯುಸಿ. ವಾದ್ಯಕ್ಕೆ ಕಾಲು ಕೊಡೋದು ನಮಗೆ ಹೊಸದೂ ಅಲ್ಲ. ಕಂಪನಿ ನಾಟಕದವರ ಕಾಲು ಹಾರ್ಮೋನಿಯಂ ಕೇಳಿರ್ತೀರಿ. ಆದರೆ ಪೆಡಲ್ ಯಾಕೆ ಬೇಕು ಅನ್ನೋದಕ್ಕೆ ಯಕ್ಷಗಾನ ಇನ್ನೂ ಒಳ್ಳೆ ಉದಾಹರಣೆ. ಶೃಂಗಾರದ ಪದಕ್ಕೆ ಮದ್ದಳೆ ಸಾಕು. ಯುದ್ಧ ಶುರುವಾದಾಗ ಚಂಡೆ ಬರತ್ತೆ, ತೂಕಡಿಸ್ತಿದ್ದವರೆಲ್ಲ ಎದ್ದು ಕೂರ್ತಾರೆ. ಚಂಡೆಯನ್ನ ಬೆಳಗಿನವರೆಗೂ ಒಂದೇ ಸಮ ಬಾರಿಸಿದ್ರೆ ಯುದ್ಧಕ್ಕೆ ಬೆಲೆ ಎಲ್ಲಿ? ರಾಕ್ ಗಿಟಾರಿಸ್ಟಿಗೆ ಮದ್ದಳೆ, ಚಂಡೆ ಎರಡೂ ಒಂದೇ ಗಿಟಾರಿಂದ ಬರಬೇಕು, ಅದೂ ಪಲ್ಲವಿಯಿಂದ ಸೋಲೋಗೆ ದಾಟೋ ಅರ್ಧ ಸೆಕೆಂಡಲ್ಲಿ. ಅದಕ್ಕೇ ಈ ಸ್ವಿಚ್ಚು.

ಎಲ್ಲಕ್ಕಿಂತ ಹೆಚ್ಚು ಬೈಸಿಕೊಳ್ಳೋದು ಡಿಸ್ಟಾರ್ಷನ್, ಹಾಗಾಗಿ ಅದರಿಂದಲೇ ಶುರು ಮಾಡೋಣ. ಇದು ಹುಟ್ಟಿದ್ದೇ ಒಂದು ಕೆಟ್ಟುಹೋದ ಯಂತ್ರದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅನ್ನೋ ಗಾಯಕನ ರೆಕಾರ್ಡಿಂಗ್ ನಡೀತಿದ್ದಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸ್ತಿದ್ದ ಬಾಸ್ ಗೊರಗೊರ ಅನ್ನೋಕೆ ಶುರುವಾಯ್ತು. ಅದನ್ನ ತೆಗೀದೇ ಹಾಗೇ ಬಿಟ್ಟರು, 1961ರಲ್ಲಿ ಆ ಹಾಡು ಹಿಟ್ ಆಯ್ತು. ಅಲ್ಲಿದ್ದ ಇಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಗೊರಗೊರವನ್ನ ಟ್ರಾನ್ಸಿಸ್ಟರಿನಿಂದ ಬೇಕಂತಲೇ ಮಾಡೋ ಸರ್ಕ್ಯೂಟ್ ಕಟ್ಟಿದರು. ಅದು 1962ರಲ್ಲಿ ಮೇಸ್ಟ್ರೋ ಎಫ್‌ಝಡ್-1 ಅನ್ನೋ ಪೆಡಲ್ ಆಗಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಅದನ್ನ ಬಳಸಿದ ಮೇಲೆ ಎಲ್ಲರಿಗೂ ಅದೇ ಬೇಕಾಯ್ತು.

ಒಳಗೆ ಇರೋದು ನಾವು ಲ್ಯಾಬಲ್ಲಿ ಮಾಡಿ ರೆಕಾರ್ಡ್ ಬರೆದು ಮರೆತ ಕ್ಲಿಪ್ಪರ್ ಸರ್ಕ್ಯೂಟೇ. ಆಪ್-ಆಂಪ್ ಸಿಗ್ನಲ್ಲನ್ನ ದೊಡ್ಡದು ಮಾಡತ್ತೆ, ಎದುರುಬದುರು ಕೂರಿಸಿದ ಎರಡು ಸಿಲಿಕಾನ್ ಡಯೋಡುಗಳು ಸುಮಾರು 0.6 ವೋಲ್ಟ್ ದಾಟಿದ್ದನ್ನ ಕತ್ತರಿಸ್ತಾವೆ. ಡಯೋಡುಗಳು ಫೀಡ್‌ಬ್ಯಾಕ್ ಲೂಪಿನಲ್ಲಿದ್ದರೆ ತುದಿ ಮೆತ್ತಗೆ ದುಂಡಗಾಗತ್ತೆ, ಐಬನೆಜ್‌ನ ಟ್ಯೂಬ್ ಸ್ಕ್ರೀಮರ್ ಥರ. ಔಟ್‌ಪುಟ್ಟಿನಿಂದ ಗ್ರೌಂಡಿಗೆ ಇದ್ದರೆ ಕತ್ತಿಯಲ್ಲಿ ಕಡಿದ ಹಾಗೆ ಚಪ್ಪಟೆ ಆಗತ್ತೆ, ಬಾಸ್ ಕಂಪನಿಯ ಡಿಎಸ್-1 ಥರ. ಕತ್ತರಿಸಿದ ಸೈನ್ ವೇವ್ ಸ್ಕ್ವೇರ್ ವೇವ್ ಕಡೆ ಹೋಗತ್ತೆ. ಅಂದ್ರೆ ಮೂಲ ಸ್ವರದ ಜೊತೆ 3, 5, 7 ಪಟ್ಟಿನ ಹಾರ್ಮೋನಿಕ್ಸ್ ಹುಟ್ಟಿಕೊಳ್ತಾವೆ. ಫೊರಿಯರ್ ಸೀರೀಸ್ ಯಾತಕ್ಕೆ ಅಂತ ಎಂ-3 ಕ್ಲಾಸಲ್ಲಿ ಕೇಳಿದವರಿಗೆ ಇದು ಉತ್ತರ.

ರಾಕ್‌ನಲ್ಲಿ ಯಾಕೆ ಪೂರ್ತಿ ಕಾರ್ಡ್ ಬಿಟ್ಟು ಎರಡೇ ಸ್ವರದ ಪವರ್ ಕಾರ್ಡ್ ನುಡಿಸ್ತಾರೆ ಅನ್ನೋದಕ್ಕೂ ಇಲ್ಲೇ ಕಾರಣ ಇದೆ. ಎರಡು ಸ್ವರ ಒಟ್ಟಿಗೆ ಕ್ಲಿಪ್ ಆದಾಗ ಅವುಗಳ ಮೊತ್ತ ಮತ್ತು ವ್ಯತ್ಯಾಸದ ಫ್ರೀಕ್ವೆನ್ಸಿಗಳೂ ಹುಟ್ತಾವೆ. ಸ-ಪ ಅಂದ್ರೆ 2:3 ಅನುಪಾತ, ವ್ಯತ್ಯಾಸ 1. ಅದು ಕೆಳಗಿನ ಸ್ಥಾಯಿಯ ಷಡ್ಜವೇ, ಹಾಗಾಗಿ ಸದ್ದು ದಪ್ಪ ಆಗತ್ತೆ. ನಡುವೆ ಗಾಂಧಾರ ಸೇರಿಸಿದ್ರೆ ಹುಟ್ಟೋ ಸ್ವರಗಳು ಒಂದಕ್ಕೊಂದು ಹೊಂದದೆ ರಾಡಿ ಎದ್ದ ಹಾಗಾಗತ್ತೆ.

ಇಷ್ಟೆಲ್ಲ ಸರಿ ಇದ್ದೂ ಅಜ್ಜ ಯಾಕೆ ಕಿವಿ ಮುಚ್ಕೊಂಡರು? ಈಗ ಅಸಲು ವಿಷಯ. ಡಿಸ್ಟಾರ್ಷನ್ ಪೆಡಲ್ ಅನ್ನೋದು ಗಿಟಾರ್ ಆಂಪ್ಲಿಫೈಯರಿಗೆ ಅಂತ ಮಾಡಿದ್ದು. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದ್ದನ್ನ ಸರಿಯಾಗಿ ನುಡಿಸೋದೇ ಇಲ್ಲ. ಅದು ದೋಷ ಅಲ್ಲ, ಅದೇ ಫಿಲ್ಟರ್. ಡಯೋಡ್ ಹುಟ್ಟಿಸಿದ ಚೂಪು ಹಾರ್ಮೋನಿಕ್ಸನ್ನೆಲ್ಲ ಆ ಕಾಗದದ ಕೋನ್ ನುಂಗಿ ಹಾಕತ್ತೆ. ನಮ್ಮ ಊರಿನ ವೇದಿಕೆಗಳಲ್ಲಿ ಗಿಟಾರ್ ಆಂಪ್ ಎಲ್ಲಿರತ್ತೆ? ಮೈಕ್‌ಸೆಟ್‌ನವರು ಒಂದು ವೈರ್ ಕೊಟ್ಟು "ಇದಕ್ಕೆ ಹಾಕಿ ಸರ್" ಅಂತಾರೆ. ಪೆಡಲ್ಲಿಂದ ನೇರ ಮಿಕ್ಸರಿಗೆ, ಅಲ್ಲಿಂದ ಹಾರ್ನ್ ಟ್ವೀಟರ್ ಇರೋ ದೊಡ್ಡ ಸ್ಪೀಕರಿಗೆ. ಆ ಟ್ವೀಟರ್ 15 ಕಿಲೋಹರ್ಟ್ಸ್‌ವರೆಗೂ ಪ್ರಾಮಾಣಿಕವಾಗಿ ನುಡಿಸತ್ತೆ. ಕೇಳೋದು ಗಿಟಾರ್ ಅಲ್ಲ, ಕಲ್ಲು ಹೊಡೆಸಿಕೊಂಡ ಜೇನುಗೂಡು.

ಇದಕ್ಕೆ ಮದ್ದು ಕ್ಯಾಬಿನೆಟ್ ಸಿಮ್ಯುಲೇಷನ್. ಅಂದ್ರೆ ಆ 12 ಇಂಚಿನ ಸ್ಪೀಕರ್ ಮಾಡೋ ಫಿಲ್ಟರಿಂಗನ್ನ ಡಿಜಿಟಲ್ ಆಗಿ ಮಾಡೋದು. ಈಗಿನ ಬಹುತೇಕ ಮಲ್ಟಿ-ಎಫೆಕ್ಟ್ ಪ್ರೊಸೆಸರುಗಳಲ್ಲಿ ಅದು ಇರತ್ತೆ. ಒಂದು ಸ್ಪೀಕರಿನ ಇಂಪಲ್ಸ್ ರೆಸ್ಪಾನ್ಸ್ ಅಳೆದು ಇಟ್ಕೊಂಡು ಸಿಗ್ನಲ್ ಜೊತೆ ಕನ್ವಲ್ಯೂಷನ್ ಮಾಡ್ತಾರೆ, ಅಷ್ಟೇ. ಗೇರ್ ಪಂಡಿತರು ಒಂದೊಂದೇ ಪೆಡಲ್ ಜೋಡಿಸಿದವನೇ ನಿಜವಾದ ಗಿಟಾರಿಸ್ಟ್ ಅಂತ ಮಲ್ಟಿ-ಎಫೆಕ್ಟನ್ನ ಹೀಗಳೀತಾರೆ. ಅವರ ಮಾತು ಆಂಪ್ ಸಿಗೋ ಊರಿಗೆ ಸರಿ. ಮೈಕ್‌ಸೆಟ್ ವೇದಿಕೆಗೆ ಹೋಗೋನು ಮೊದಲ ದುಡ್ಡನ್ನ ಕ್ಯಾಬ್ ಸಿಮ್ ಇರೋ ಒಂದು ಪೆಟ್ಟಿಗೆಗೇ ಹಾಕಬೇಕು, ಆಮೇಲೆ ಬಣ್ಣದ ಡಬ್ಬಿ. ಅದೂ ಇಲ್ಲದಿದ್ರೆ ಪೆಡಲ್ಲಿನ ಗೇನ್ ಅರ್ಧ ಇಳಿಸಿ, ಟೋನ್ ಇಳಿಸಿ, ಮಿಕ್ಸರಿನಲ್ಲಿ ಆ ಚಾನೆಲ್ಲಿನ ಹೈ ನಾಬ್ ತಗ್ಗಿಸೋಕೆ ಕೇಳಿ. ಪೂರ್ತಿ ಸರಿಹೋಗಲ್ಲ, ಜೇನು ಸ್ವಲ್ಪ ದೂರ ಹೋಗತ್ತೆ.

ಕ್ಲೀನ್ ಆಗಿ ನುಡಿಸೋರಿಗೂ ಇದೇ ವೈರಿನಿಂದ ಇನ್ನೊಂದು ಪೆಟ್ಟು ಬೀಳತ್ತೆ. ಗಿಟಾರಿನ ಪಿಕಪ್ ಅಂದ್ರೆ ದೊಡ್ಡ ಇಂಡಕ್ಟರ್, 3 ಹೆನ್ರಿ ಅಂದುಕೊಳ್ಳಿ. ಕೇಬಲ್ಲಿನ ಕೆಪಾಸಿಟನ್ಸ್ ಮೀಟರಿಗೆ 100 ಪಿಕೋಫ್ಯಾರಡ್ ಅಂತ ಹಿಡಿದರೆ, 3 ಮೀಟರ್ ಕೇಬಲ್ಲಿಗೆ ರೆಸೊನೆನ್ಸ್ 5.3 ಕಿಲೋಹರ್ಟ್ಸ್ ಹತ್ತಿರ ಬರತ್ತೆ. ವೇದಿಕೆ ದೊಡ್ಡದು ಅಂತ 10 ಮೀಟರ್ ಎಳೆದರೆ ಅದು 2.9ಕ್ಕೆ ಇಳಿಯತ್ತೆ. ಹೊಳಪೆಲ್ಲ ಹೋಗಿ ಗಿಟಾರಿಗೆ ಶೀತ ಆದ ಹಾಗೆ ಕೇಳತ್ತೆ. ಮಿಕ್ಸರಿನ ಲೈನ್ ಇನ್‌ಪುಟ್ 10 ಕಿಲೋ ಓಮ್ ಆಸುಪಾಸಿನದ್ದಾದ್ರೆ ಇನ್ನೂ ಕಷ್ಟ, ಗಿಟಾರಿಗೆ ಬೇಕಿರೋದು 1 ಮೆಗಾ ಓಮ್. ಚೈನಿನಲ್ಲಿ ಮೊದಲಿಗೇ ಬಫರ್ ಇರೋ ಒಂದು ಪೆಡಲ್ ಇದ್ದರೆ ಈ ತಾಪತ್ರಯ ಇಲ್ಲ. ಬಾಸ್ ಪೆಡಲ್ಲುಗಳು ಆಫ್ ಇದ್ದಾಗಲೂ ಬಫರ್ ಕೆಲಸ ಮಾಡ್ತಾವೆ. 'ಟ್ರೂ ಬೈಪಾಸ್' ಅಂತ ದೊಡ್ಡದಾಗಿ ಬರೆದಿರೋವು ಆಫ್ ಆದಾಗ ಬರೀ ವೈರ್, ಬಫರ್ ಆಗಲ್ಲ.

ಇನ್ನು ಲೈವ್‌ನಲ್ಲಿ ಅತಿ ಹೆಚ್ಚು ಒತ್ತೋ ಪೆಡಲ್ ಯಾವುದು ಅಂದ್ರೆ ಸೋಲೋ ಬೂಸ್ಟ್. ಬರೀ ವಾಲ್ಯೂಮ್ ಒಂದು 4-5 ಡೆಸಿಬೆಲ್ ಎತ್ತೋದು. ರೂಮಲ್ಲಿ ಒಬ್ಬರೇ ಕೂತಾಗ ಮಿಡ್ ಇಳಿಸಿ, ಬಾಸ್ ಮತ್ತು ಟ್ರೆಬಲ್ ಏರಿಸಿದ್ರೆ ಗಿಟಾರ್ ಭರ್ಜರಿ ಅನ್ಸತ್ತೆ. ವೇದಿಕೆ ಮೇಲೆ ಕೆಳಗಿನ ಜಾಗ ಬಾಸ್ ಗಿಟಾರಿನದ್ದು, ಮೇಲಿನದ್ದು ಸಿಂಬಲ್ಲಿನದ್ದು, ಉಳಿದದ್ದನ್ನ ಕೀಬೋರ್ಡ್ ತಿಂದಿರತ್ತೆ. ಗಿಟಾರ್ ಕಾಣೆ. ಟ್ಯೂಬ್ ಸ್ಕ್ರೀಮರ್ ಇಷ್ಟು ವರ್ಷ ಬಾಳಿರೋದೂ ಅದು ಮಿಡ್ ಎತ್ತತ್ತೆ ಅನ್ನೋದಕ್ಕೇ. ಆದರೆ ಹಾಡುವಾಗ ಅದನ್ನ ಆಫ್ ಮಾಡಲೇಬೇಕು. ಮಾತಿನ ಸ್ಪಷ್ಟತೆ ಇರೋದು 2ರಿಂದ 5 ಕಿಲೋಹರ್ಟ್ಸ್ ನಡುವೆ, ಡಿಸ್ಟಾರ್ಷನ್ ಕೂರೋದೂ ಅಲ್ಲೇ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನ ರಾಕ್ ಬ್ಯಾಂಡ್ ಜೊತೆ ಹಾಡ್ತಾರೆ, 2011ರಲ್ಲಿ ಅವರ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲೂ ನುಡಿಸಿತ್ತು. ಅಂಥ ಹಾಡಿನಲ್ಲಿ ಪದವೇ ಕೇಳದಿದ್ರೆ ಉಳಿಯೋದೇನು?

ಡಿಲೇ ಪೆಡಲ್ ನನಗೆ ಎಲ್ಲಕ್ಕಿಂತ ಇಷ್ಟ. ಹಳೇ ಅನಲಾಗ್ ಡಿಲೇಯ ಐಸಿಗೆ ಬಕೆಟ್ ಬ್ರಿಗೇಡ್ ಅಂತ ಹೆಸರು. ಸಾಲಾಗಿ ನಿಂತು ಅಡಿಕೆ ಹೆಡಿಗೆಯನ್ನ ಕೈಯಿಂದ ಕೈಗೆ ದಾಟಿಸ್ತಾರಲ್ಲ, ಹಾಗೆ ಸಾವಿರಾರು ಕೆಪಾಸಿಟರುಗಳು ಚಾರ್ಜನ್ನ ಒಂದರಿಂದ ಒಂದಕ್ಕೆ ದಾಟಿಸ್ತಾವೆ. ದಾರಿಯಲ್ಲಿ ನಾಲ್ಕು ಅಡಿಕೆ ಚೆಲ್ಲತ್ತೆ, ಅದಕ್ಕೇ ಆ ಪ್ರತಿಧ್ವನಿ ಮಸುಕು ಮಸುಕಾಗಿ ಚೆಂದ. ಡಿಲೇಯನ್ನ ಡಿಸ್ಟಾರ್ಷನ್ ಆದ ಮೇಲೆ ಇಡಬೇಕು. ಮೈಕಲ್ಲಿ ಕೂಗಿದ್ದು ಎದುರಿನ ಗುಡ್ಡಕ್ಕೆ ಬಡಿದು ವಾಪಸ್ ಬಂದರೆ ಚೆಂದ. ಗುಡ್ಡದಿಂದ ವಾಪಸ್ ಬಂದದ್ದನ್ನೂ ಹೊಸ ಕೂಗನ್ನೂ ಒಟ್ಟಿಗೆ ಮೈಕಿಗೆ ತುರುಕಿದರೆ ಯಾರ ಮಾತೂ ತಿಳಿಯಲ್ಲ.

ಲೈವ್‌ನಲ್ಲಿ ಡಿಲೇಯ ಶತ್ರು ಡ್ರಮ್ಮರಿನ ಉತ್ಸಾಹ. ನಿಮಿಷಕ್ಕೆ 120 ಬೀಟ್ ಅಂತ ಪ್ರಾಕ್ಟೀಸ್ ಮಾಡಿ ಡಿಲೇಯನ್ನ 500 ಮಿಲಿಸೆಕೆಂಡಿಗೆ ಇಟ್ಟಿರ್ತೀರಿ. ಜನ ಶಿಳ್ಳೆ ಹೊಡೆದ ಕೂಡಲೇ ಅವನು 126ಕ್ಕೆ ಹೋಗ್ತಾನೆ. ಒಂದು ಬೀಟ್ 476 ಮಿಲಿಸೆಕೆಂಡ್ ಆಯ್ತು. ನಾಲ್ಕನೇ ಪ್ರತಿಧ್ವನಿ ಹೊತ್ತಿಗೆ ನೀವು ಸುಮಾರು 95 ಮಿಲಿಸೆಕೆಂಡ್ ಹಿಂದೆ. ಕೇಳೋರಿಗೆ ಗಿಟಾರಿಸ್ಟಿಗೆ ತಾಳ ಬರಲ್ಲ ಅನ್ಸತ್ತೆ. ಟ್ಯಾಪ್ ಟೆಂಪೋ ಸ್ವಿಚ್ ಇರೋದು ಇದಕ್ಕೇ, ಕಾಲಲ್ಲಿ ತಾಳ ತಟ್ಟಿದರೆ ಡಿಲೇ ತಾನೇ ಹೊಂದಿಕೊಳ್ಳತ್ತೆ. ರಿವರ್ಬ್ ಬಗ್ಗೆ ಒಂದೇ ಮಾತು. ಬಯಲಲ್ಲಿ ಹಾಕಿ, ಕಲ್ಯಾಣ ಮಂಟಪದಲ್ಲಿ ಆಫ್ ಮಾಡಿ. ಅಲ್ಲಿನ ಗೋಡೆಗಳೇ ಬೇಕಾದಷ್ಟು ಕೊಡ್ತಾವೆ.

ದೊಡ್ಡ ಬ್ಯಾಂಡುಗಳಿಗೆ ಈ ಕಾಲಿನ ಕಸರತ್ತು ಎಷ್ಟೋ ಸಲ ಇರಲ್ಲ. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತಲ್ಲ, ಆ ಮಟ್ಟದ ತಂಡಗಳಲ್ಲಿ ಎಫೆಕ್ಟುಗಳನ್ನ ವೇದಿಕೆ ಹಿಂದೆ ರ‍್ಯಾಕಲ್ಲಿ ಇಟ್ಟು, ಟೆಕ್ನಿಷಿಯನ್ ಒಬ್ಬ ಸ್ವಿಚ್ ಬದಲಾಯಿಸೋದೂ ಉಂಟು. ನಾವು ಒಂದೇ ಕಾಲಲ್ಲಿ ನಿಂತು ಡಿಸ್ಟಾರ್ಷನ್ ಆಫ್, ಡಿಲೇ ಆನ್ ಮಾಡಬೇಕು. ಮಲ್ಟಿ-ಎಫೆಕ್ಟಿನಲ್ಲಿ ಇವೆರಡನ್ನೂ ಒಂದು ಪ್ಯಾಚ್ ಮಾಡಿಟ್ಟರೆ ಒಂದೇ ಒತ್ತು ಸಾಕು. ಪ್ಯಾಚುಗಳ ವಾಲ್ಯೂಮ್ ಮಾತ್ರ ಮನೆಯ ಹೆಡ್‌ಫೋನಲ್ಲಿ ಅಲ್ಲ, ದೊಡ್ಡ ಸ್ಪೀಕರಲ್ಲಿ ಸರಿ ಮಾಡಿ.

ಕೊನೆಗೆ ಕರೆಂಟು. ಲಿಂಗನಮಕ್ಕಿ ಅಣೆಕಟ್ಟು ಸಾಗರ ತಾಲೂಕಿನಲ್ಲೇ ಇದೆ, ಅದರ ಹಿನ್ನೀರಲ್ಲಿ ಸಾಗರ, ಹೊಸನಗರದ ಎಷ್ಟೋ ಊರುಗಳು ಮುಳುಗಿವೆ. ಆದರೂ ನಮ್ಮ ಕಾರ್ಯಕ್ರಮಕ್ಕೆ ಜನರೇಟರ್ ಬೇಕು! ಶರಾವತಿಯ ಕರೆಂಟ್ ಬಂದರೂ ಗಿಟಾರಿನಲ್ಲಿ ಅದೇ ಹಾಡತ್ತೆ, 50 ಹರ್ಟ್ಸ್ ಮತ್ತು ಅದರ ಎರಡರಷ್ಟು 100 ಹರ್ಟ್ಸಿನ ಗುಂಯ್. ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ 98 ಹರ್ಟ್ಸ್, ಹಾಗಾಗಿ ಶ್ರುತಿಪೆಟ್ಟಿಗೆ ಇಟ್ಟ ಹಾಗೇ ಕೇಳತ್ತೆ, ಡಿಸ್ಟಾರ್ಷನ್ ಒತ್ತಿದರಂತೂ ಅದೂ ದೊಡ್ಡದಾಗತ್ತೆ. ಹಮ್ ಬರೋದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಎಲ್ಲ ಪೆಡಲ್ಲುಗಳನ್ನೂ ಒಂದೇ ಅಡಾಪ್ಟರಿಗೆ ಮಾಲೆ ಕಟ್ಟೋದು. ಓವರ್‌ಡ್ರೈವ್ ಕೆಲವೇ ಮಿಲಿಆಂಪ್ ತಿಂದರೆ ಡಿಜಿಟಲ್ ಪೆಡಲ್ ನೂರಾರು ತಿನ್ನತ್ತೆ, ಅದರ ಕ್ಲಾಕ್ ನಾಯ್ಸ್ ಎಲ್ಲರಿಗೂ ಹಂಚಿಕೆ. ಪ್ರತಿ ಔಟ್‌ಪುಟ್ ಬೇರೆಬೇರೆ ಐಸೊಲೇಟ್ ಆಗಿರೋ ಸಪ್ಲೈ ಬೇಕು. ಇನ್ನೊಂದು, ನಿಮ್ಮ ಪ್ಲಗ್ ಒಂದು ಕಡೆ, ಮಿಕ್ಸರಿನ ಪ್ಲಗ್ ಇನ್ನೆಲ್ಲೋ ಇದ್ದು ಗ್ರೌಂಡ್ ಲೂಪ್ ಆಗೋದು. ಮೈಕ್‌ಸೆಟ್‌ನವರ ಬೋರ್ಡಿನಿಂದಲೇ ಕರೆಂಟ್ ತಗೊಳ್ಳಿ, ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಹಾಕಿ ನೋಡಿ.

ಹಮ್ ಹೋಗ್ಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯೋರು ಇದ್ದಾರೆ. ದಯವಿಟ್ಟು ಬೇಡ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ, ಸ್ಟೋನ್ ದಿ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ಲಿ ಹಾರ್ವಿ ಅರ್ಥಿಂಗ್ ಸರಿ ಇಲ್ಲದ ಮೈಕ್ ಮುಟ್ಟಿ ವೇದಿಕೆ ಮೇಲೇ ಸತ್ತುಹೋದರು. ಒಂದು ಕೈಲಿ ತಂತಿ, ತುಟಿ ಹತ್ತಿರ ಮೈಕ್, ಕಾಲ ಕೆಳಗೆ ಒದ್ದೆ ನೆಲ. ಆಗುಂಬೆ, ಹುಲಿಕಲ್ ಇರೋ ತಾಲೂಕುಗಳಲ್ಲಿ ಇದು ಕಲ್ಪನೆಯ ಸನ್ನಿವೇಶ ಅಲ್ಲ. ಹಾಡೋದಕ್ಕೆ ಮುಂಚೆ ಒಂದು ಟೆಸ್ಟರ್ ಹಿಡಿದು ಮೈಕಿನ ಜಾಲರಿಯನ್ನೂ ಗಿಟಾರಿನ ತಂತಿಯನ್ನೂ ಮುಟ್ಟಿಸಿ ನೋಡಿ, ಉರಿದರೆ ಯಾರು ಎಷ್ಟೇ ಅವಸರ ಮಾಡಿದರೂ ಕಾರ್ಯಕ್ರಮ ಶುರು ಮಾಡಬೇಡಿ.

ಊರಿಗೆ ಒಯ್ದ ಪೆಡಲ್ಲನ್ನ ಮಳೆಗಾಲದಲ್ಲಿ ಅಟ್ಟದ ಮೇಲೆ ಇಡಬೇಡಿ. ಚಪ್ಪಲಿಗೂ ಬೂಷ್ಟು ಹಿಡಿಯೋ ಹವೆಗೆ ಜ್ಯಾಕ್ ಕಿಲುಬು ಕಟ್ಟತ್ತೆ, ನಾಬ್ ತಿರುಗಿಸಿದ್ರೆ ಕರಕರ ಅನ್ನತ್ತೆ. ಗಾಳಿ ಆಡದ ಡಬ್ಬಿಯಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಅಡಿಕೆ ಡ್ರೈಯರಿಗೆ ಹಾಕೋ ಐಡಿಯಾ ಬೇಡ.