ಹೆಸರು ನೋಡಿ ಕೊಳ್ಳುವುದೋ, ನಾದ ಕೇಳಿ ಕೊಳ್ಳುವುದೋ?

ಹಬ್ಬ, ಜಾತ್ರೆ, ಆರತಕ್ಷತೆಗಳಲ್ಲಿ ರಸಮಂಜರಿ ಕಾರ್ಯಕ್ರಮವಿಲ್ಲದ ಊರು ಹಾಸನ ಜಿಲ್ಲೆಯಲ್ಲಿ ಅಪರೂಪ. ಅರಸೀಕೆರೆಯ ಗಣಪತಿ ಪೆಂಡಾಲಿರಲಿ, ಹಳೇಬೀಡಿನ ಯಾವುದೋ ಕಲ್ಯಾಣ ಮಂಟಪವಿರಲಿ, ವೇದಿಕೆಯ ಮೇಲೆ ಗಾಯಕರು ಕಣ್ಣಿಗೆ ಬೀಳುತ್ತಾರೆ, ಕೀಬೋರ್ಡ್ ಕಿವಿಗೆ ಬೀಳುತ್ತದೆ. ಹಿಂದೆ ನಿಂತು ನಾಲ್ಕು ದಪ್ಪ ತಂತಿಗಳನ್ನು ಮೀಟುವವನನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಆದರೆ ಆತ ಕೈ ನಿಲ್ಲಿಸಿದರೆ ಹಾಡಿನ ತಳಪಾಯವೇ ಕುಸಿದಂತಾಗುತ್ತದೆ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರಕ್ಕೆ ಇಳಯರಾಜ ನೀಡಿದ ಸಂಗೀತವನ್ನು ಇಂದಿಗೂ ಗುನುಗುವವರು ಒಮ್ಮೆ ಅದರ ಕೆಳಸ್ಥಾಯಿಗೆ ಕಿವಿಗೊಟ್ಟು ಕೇಳಬೇಕು. ಬಾಸ್ ಗಿಟಾರ್ ಏನು ಮಾಡುತ್ತದೆಂಬುದು ಆಗ ತಿಳಿಯುತ್ತದೆ.

ಈ ವಾದ್ಯದ ವಿಚಾರ ನನ್ನವರೆಗೆ ಬಂದದ್ದು ಅರಸೀಕೆರೆಯ ಬಂಧುವೊಬ್ಬರ ಮಗನಿಂದ. ಡಿಪ್ಲೊಮಾ ಮುಗಿಸಿ ಸಣ್ಣ ಕೆಲಸದಲ್ಲಿರುವ ಹುಡುಗ, ಸಂಜೆಯ ಹೊತ್ತು ಆರ್ಕೆಸ್ಟ್ರಾ ತಂಡವೊಂದರಲ್ಲಿ ಎರವಲು ಬಾಸ್ ನುಡಿಸುತ್ತಾನೆ. ಎರಡು ಹಂಗಾಮುಗಳ ಸಂಭಾವನೆಯನ್ನು ಕೂಡಿಟ್ಟು 25 ಸಾವಿರ ರೂಪಾಯಿ ಮಾಡಿಕೊಂಡಿದ್ದ. ಸ್ವಂತ ವಾದ್ಯವಿದ್ದರೆ ಬೇರೆ ತಂಡಗಳೂ ಕರೆಯುತ್ತವೆ. ಇಲ್ಲದಿದ್ದರೆ ವಾದ್ಯದ ಒಡೆಯ ಬಿಡುವು ಕೊಟ್ಟ ದಿನವಷ್ಟೇ ದುಡಿಮೆ. ‘ದೊಡ್ಡಪ್ಪಾ, ಯಮಹಾನೋ, ಇಬನೆಜೋ, ಸ್ಕ್ವಯರೋ, ಕಾರ್ಟೋ? ನೀವು ಎಕನಾಮಿಕ್ಸ್ ಓದಿದವರು, ಹೇಳಿ’ ಎಂದ. ನನಗೆ ಸ್ವರಜ್ಞಾನ ಅಷ್ಟಕ್ಕಷ್ಟೆ. ಆದರೆ ಪ್ರಶ್ನೆ ನಿಜಕ್ಕೂ ಅರ್ಥಶಾಸ್ತ್ರದ್ದೇ ಆಗಿತ್ತು.

ಮೊದಲು ಈ ಹೆಸರುಗಳ ಹಿನ್ನೆಲೆ. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದರು. ಆಳೆತ್ತರದ ಡಬಲ್ ಬಾಸ್ ಹೊತ್ತು ತಿರುಗುತ್ತಿದ್ದವರಿಗೆ ಹೆಗಲಿಗೆ ನೇತುಹಾಕಿಕೊಳ್ಳುವ ವಾದ್ಯ ದೊರೆಯಿತು. ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನವೂ ನಿಖರವಾಯಿತು. ಅದರ 34 ಅಂಗುಲದ ತಂತಿಯಳತೆ ಇಂದಿಗೂ ಬಹುಮಟ್ಟಿಗೆ ಎಲ್ಲರ ಅಳತೆ. ಸ್ಕ್ವಯರ್ ಮೂಲತಃ ತಂತಿ ತಯಾರಿಸುವ ಕಂಪನಿ. ಫೆಂಡರ್ ಅದನ್ನು 1965ರಲ್ಲಿ ಕೊಂಡಿತು. 1982ರಲ್ಲಿ ಜಪಾನಿನಲ್ಲಿ ತಯಾರಾದ ಅಗ್ಗದ ಗಿಟಾರುಗಳಿಗೆ ಆ ಹೆಸರಿಟ್ಟಿತು. ಯಮಹಾ 1887ರಲ್ಲಿ ರೀಡ್ ಆರ್ಗನ್‌ನಿಂದ ಆರಂಭಗೊಂಡದ್ದು. ಇಬನೆಜ್ ಎಂಬುದು ಸ್ಪೇನಿನ ಗಿಟಾರ್ ಕುಶಲಕರ್ಮಿಯೊಬ್ಬರ ಹೆಸರು; ಅದನ್ನು ತನ್ನದಾಗಿಸಿಕೊಂಡದ್ದು ಜಪಾನಿನ ಹೊಶಿನೊ ಸಂಸ್ಥೆ. ಕಾರ್ಟ್ ದಕ್ಷಿಣ ಕೊರಿಯಾದ್ದು. ತನ್ನ ಹೆಸರಿನವಲ್ಲದೆ ಇಬನೆಜ್, ಸ್ಕ್ವಯರ್ ಹೆಸರಿನ ವಾದ್ಯಗಳನ್ನೂ ತಯಾರಿಸಿಕೊಟ್ಟ ಸಂಸ್ಥೆ.

ಈ ಕೊನೆಯ ಮಾತು ಗಮನಾರ್ಹ. ಅಂಗಡಿಯ ಗೋಡೆಯ ಮೇಲೆ ಬದ್ಧ ವೈರಿಗಳಂತೆ ತೂಗುವ ವಾದ್ಯಗಳು ಹಲವೊಮ್ಮೆ ಇಂಡೊನೇಷ್ಯಾ, ಚೀನಾದ ಒಂದೇ ಬಗೆಯ ಕಾರ್ಖಾನೆಗಳ ಕೂಸುಗಳು. ಹೆರಾಲ್ಡ್ ಹೋಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞ 1929ರಲ್ಲೇ ಇಂಥ ಪ್ರವೃತ್ತಿಯನ್ನು ವಿವರಿಸಿದ್ದರು. ಒಂದೇ ಬೀದಿಯ ಇಬ್ಬರು ವ್ಯಾಪಾರಿಗಳು ಹೆಚ್ಚು ಗಿರಾಕಿಗಳನ್ನು ಸೆಳೆಯುವ ಪೈಪೋಟಿಯಲ್ಲಿ ಪರಸ್ಪರ ಹತ್ತಿರ ಸರಿಯುತ್ತಾ ಬೀದಿಯ ನಡುವೆ ಬಂದು ನಿಲ್ಲುತ್ತಾರೆ. ಅಗ್ಗದ ಬಾಸ್ ಗಿಟಾರುಗಳೂ ಹಾಗೆಯೇ. ಬಣ್ಣ ಬೇರೆ, ತಲೆಯ ಆಕಾರ ಬೇರೆ. ಅಳತೆ, ತಂತಿ, ಮರದ ದರ್ಜೆ, ಬೆಲೆಗಳು ಹೆಚ್ಚುಕಡಿಮೆ ಒಂದೇ.

ಹಾಗಾದರೆ ಬ್ರಾಂಡ್‌ಗೆ ಬೆಲೆಯೇ ಇಲ್ಲವೇ? ಇದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಬರೆದ ಪ್ರಬಂಧದ ಸಾರವಿಷ್ಟು: ಸರಕಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆ. ಅಂಥಲ್ಲಿ ಬ್ರಾಂಡ್ ಒಂದು ಭರವಸೆ. ಕೆಟ್ಟ ಮಾಲು ಕೊಟ್ಟರೆ ಹೆಸರು ಕೆಡುತ್ತದೆಂಬ ಭಯವೇ ಗಿರಾಕಿಯ ರಕ್ಷಣೆ. ಅಕರ್ಲಾಫ್ ಅವರಿಗೆ 2001ರಲ್ಲಿ ನೊಬೆಲ್ ಗೌರವದ ಪಾಲು ದೊರೆಯಿತು.

ಈ ತತ್ತ್ವ ತಿಳಿಯಲು ನಮ್ಮವರಿಗೆ ಅಮೆರಿಕದ ಪ್ರಬಂಧವೇ ಬೇಕಿರಲಿಲ್ಲ. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಅದೂ ಒಂದು ಬಗೆಯ ಬ್ರಾಂಡೇ. ಆದರೆ ಒಂದು ವ್ಯತ್ಯಾಸವಿದೆ. ದಾಸೋಜನ ಹೆಸರು ಉಳಿ ಹಿಡಿದ ಕೈಯ ಹೆಸರು. ಇಂದಿನ ಗಿಟಾರಿನ ತಲೆಯ ಮೇಲಿರುವುದು ಅದನ್ನು ಮಾಡಿದವರ ಹೆಸರಲ್ಲ. ಕಾರ್ಟ್ ಸಮೂಹ 2007ರಲ್ಲಿ ಕೊರಿಯಾದ ತನ್ನ ಗಿಟಾರ್ ಕಾರ್ಖಾನೆಗಳನ್ನು ಮುಚ್ಚಿತು. ಕೆಲಸ ಕಳೆದುಕೊಂಡವರ ಹೋರಾಟ ಒಪ್ಪಂದದೊಡನೆ ಕೊನೆಗೊಂಡದ್ದು 2019ರಲ್ಲಿ. ಅಗ್ಗದ ಬೆಲೆಯನ್ನು ಎಲ್ಲೋ ಯಾರೋ ತೆತ್ತಿರುತ್ತಾರೆಂಬುದನ್ನು ಗಿರಾಕಿ ಮರೆಯಬಾರದು.

ಬ್ರಾಂಡ್ ಕೊಡುವ ಭರವಸೆಗೆ ಮಿತಿಯೂ ಉಂಟು. ಅಗ್ಗದ ಶ್ರೇಣಿಯಲ್ಲಿ ಎರಡು ಬ್ರಾಂಡ್‌ಗಳ ನಡುವಿನ ಅಂತರಕ್ಕಿಂತ ಒಂದೇ ಬ್ರಾಂಡಿನ ಎರಡು ವಾದ್ಯಗಳ ನಡುವಿನ ಅಂತರವೇ ಹೆಚ್ಚಿರಬಹುದು. ಅರಸೀಕೆರೆಯ ತೆಂಗು ಬೆಳೆಗಾರನಿಗೆ ಇದನ್ನು ವಿವರಿಸಬೇಕಿಲ್ಲ. ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಆತ ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಒಳಗಿನ ಉಂಡೆ ಕೊಬ್ಬರಿ ಗಡಗಡ ಎಂದರೆ ಮಾತ್ರ ಸುಲಿಯುತ್ತಾನೆ. ಯಾವ ತೋಟದ ಕಾಯಿ ಎಂಬುದು ಆಮೇಲಿನ ಮಾತು.

ಬಲ್ಲವರನ್ನು ವಿಚಾರಿಸಿ ನಾನು ತಿಳಿದುಕೊಂಡ ಪರೀಕ್ಷೆಗಳೂ ಇಷ್ಟೇ ಸರಳ. ವಾದ್ಯದ ಕತ್ತನ್ನು ತಲೆಯ ಕಡೆಯಿಂದ ಒಂದೇ ಕಣ್ಣಲ್ಲಿ ನೋಡಿ ತಿರುಚಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನ ಮೇಲೂ ನುಡಿಸಿ ಝೇಂಕಾರದ ಅಪಸ್ವರವಿದೆಯೇ ಕೇಳಬೇಕು. ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದಾಗ ಬರುವ ಸ್ವರವೂ ಅಲ್ಲೇ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಗುಂಡಿಗಳನ್ನು ತಿರುಗಿಸಿದಾಗ ಕರಕರ ಸದ್ದು ಕೂಡದು. ಕೊನೆಗೆ ಪಟ್ಟಿ ಹಾಕಿಕೊಂಡು ಅರ್ಧ ಗಂಟೆ ನಿಲ್ಲಬೇಕು. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಭಾರ ಹೊರುವುದು ಬ್ರಾಂಡ್ ಅಲ್ಲ, ಹೆಗಲು.

ಹವೆಯ ವಿಚಾರವನ್ನು ಜಾಹೀರಾತುಗಳು ಹೇಳುವುದಿಲ್ಲ. ಅರಸೀಕೆರೆ ಬಯಲುಸೀಮೆಯ ಒಣನೆಲ. ಬೇಲೂರು ಮಲೆನಾಡಿನ ಸೆರಗು. ಒಂದೇ ವಾರದಲ್ಲಿ ಎರಡೂ ಕಡೆ ನುಡಿಸುವವನ ವಾದ್ಯದ ಮರ ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಕತ್ತಿನೊಳಗಿನ ಉಕ್ಕಿನ ಸರಳನ್ನು ಪುಟ್ಟ ಕೀಲಿಯಿಂದ ತುಸು ತಿರುಗಿಸಿ ಸರಿಪಡಿಸಬೇಕಾಗುತ್ತದೆ. ಈ ಕೆಲಸ ಬಲ್ಲವರು ಹತ್ತಿರದಲ್ಲಿದ್ದಾರೆಯೇ ಎಂಬುದು ಯಾವ ಬ್ರಾಂಡ್ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಇನ್ನು, ಆಂಪ್ಲಿಫೈಯರ್ ಇಲ್ಲದ ಬಾಸ್ ಮೂಕವಾದ್ಯ. ಇಡೀ ಮೊತ್ತವನ್ನು ವಾದ್ಯಕ್ಕೇ ಸುರಿದರೆ ಮನೆಯಲ್ಲಿ ಅಭ್ಯಾಸವೇ ಆಗದು. ಹಾಗಾಗಿ ನಾಲ್ಕನೆಯ ಒಂದು ಪಾಲನ್ನು ಸಣ್ಣ ಆಂಪ್ಲಿಫೈಯರ್, ತಂತಿ ಮತ್ತು ಹದಗೊಳಿಸುವ ಖರ್ಚಿಗೆ ಮೀಸಲಿಡು ಎಂದೆ.

ಅರಸೀಕೆರೆ ಜಂಕ್ಷನ್ ಆಗಿರುವುದು ಹುಡುಗನಿಗೆ ಅನುಕೂಲವಾಯಿತು. ಬೆಂಗಳೂರಿನ ರೈಲು ಹತ್ತಿ ಹೋಗಿ ನಾಲ್ಕೂ ಬ್ರಾಂಡ್‌ಗಳ ಏಳೆಂಟು ವಾದ್ಯಗಳನ್ನು ನುಡಿಸಿ ನೋಡಿದ. ಮನಸ್ಸಿನಲ್ಲಿದ್ದ ಹೆಸರನ್ನು ಬಿಟ್ಟು ಕೈಗೆ ಒಗ್ಗಿದ ಇನ್ನೊಂದನ್ನು ತಂದ. ಯಾವುದೆಂದು ಇಲ್ಲಿ ಹೇಳುವುದು ಅನವಶ್ಯಕ. ಅದು ಅವನ ಕೈಗೆ ಸಂದ ಉತ್ತರ, ಎಲ್ಲರ ಕೈಗಲ್ಲ.

ಎಲ್ಲರಿಗೂ ಹಾಗೆ ಹೋಗಿ ನುಡಿಸಿ ನೋಡುವ ಅವಕಾಶವಿದೆಯೇ? ಸಣ್ಣ ಊರುಗಳ ಬಹುತೇಕ ಯುವಕರು ಮೊಬೈಲಿನ ಚಿತ್ರ ನೋಡಿ ವಾದ್ಯ ಕೊಳ್ಳುತ್ತಾರೆ. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದಾಗ ಇಂಥ ವಾದ್ಯಗಳ ಮೇಲೆ ಶೇ 28ರಷ್ಟು ತೆರಿಗೆಯಿತ್ತು. ಅದೇ ನವೆಂಬರಿನಲ್ಲಿ ಅದನ್ನು ಶೇ 18ಕ್ಕೆ ಇಳಿಸಲಾಯಿತು. ತೆರಿಗೆ ಇಳಿಸುವುದು ಒಳ್ಳೆಯದೇ. ಆದರೆ ನುಡಿಸಿ ನೋಡಲಾಗದ ಕೊರತೆಯನ್ನು ಅದು ತುಂಬದು. ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲೋ ಪದವಿ ಕಾಲೇಜಿನಲ್ಲೋ ನಾಲ್ಕಾರು ವಾದ್ಯಗಳನ್ನು ಇರಿಸಿ, ಠೇವಣಿ ಪಡೆದು ವಾರದ ಮಟ್ಟಿಗೆ ಎರವಲು ಕೊಟ್ಟರೆ ಹೇಗೆ? ಪುಸ್ತಕ ಎರವಲು ಕೊಡುವ ವ್ಯವಸ್ಥೆಗೆ ಇದು ಅಸಾಧ್ಯವಾದ ಹೊರೆಯಲ್ಲ. ಒಂದು ಗಣಕಯಂತ್ರದ ಬೆಲೆಗೆ ಎರಡು ಬಾಸ್ ಗಿಟಾರ್ ಬರುತ್ತವೆ.

ಬೇಲೂರು, ಹಳೇಬೀಡುಗಳನ್ನು ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾವೆಲ್ಲ ಹಿಗ್ಗಿದೆವು. ಆ ಗೋಡೆಗಳ ಶಿಲ್ಪಗಳಲ್ಲಿ ವಾದ್ಯ ಹಿಡಿದವರ ಸಾಲೇ ಇದೆ. ಕಲ್ಲಿನ ವಾದ್ಯಗಾರರನ್ನು ಕಾಪಾಡುವ ಜಿಲ್ಲೆ, ಉಸಿರಾಡುವ ವಾದ್ಯಗಾರರಿಗೆ ಕೊಳ್ಳುವ ಮುನ್ನ ಒಮ್ಮೆ ನುಡಿಸಿ ನೋಡುವ ಅವಕಾಶವನ್ನಾದರೂ ಒದಗಿಸಬೇಕು.