ರೈಡೆನ್: ಗುಂಡಿನ ಮಳೆಯಲ್ಲೂ ನ್ಯಾಯ

ಜಪಾನಿನ ಸೇಯ್ಬು ಕೈಹತ್ಸು ಸಂಸ್ಥೆ 1990ರಲ್ಲಿ ‘ರೈಡೆನ್’ ಎಂಬ ಆರ್ಕೇಡ್ ಆಟವನ್ನು ಹೊರತಂದಿತು. ಕಥೆ ಎರಡು ಮಾತಿನಲ್ಲಿ ಮುಗಿಯುತ್ತದೆ. 2090ರಲ್ಲಿ ಅನ್ಯಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬಂದಿದ್ದಾರೆ, ಅವರನ್ನು ತಡೆಯಲು ಹೊರಟಿರುವುದು ನಮ್ಮ ಯುದ್ಧವಿಮಾನ. ಆಡುವವರ ಕೈಗೆ ಸಿಗುವುದು ಒಂದು ಜಾಯ್‌ಸ್ಟಿಕ್ ಮತ್ತು ಎರಡು ಬಟನ್: ಒಂದು ಗುಂಡಿಗೆ, ಇನ್ನೊಂದು ಬಾಂಬಿಗೆ. ಇಷ್ಟೇ ಸಾಮಗ್ರಿಯಿಂದ ಕಟ್ಟಿದ ಈ ಆಟವನ್ನು ಬಿಡಿಸಿ ನೋಡುತ್ತ ಹೋದರೆ, ಒಳ್ಳೆಯ ಕುಸುರಿ ಕೆಲಸ ಕಂಡಾಗ ಆಗುವ ಸಂತೋಷವೇ ಆಗುತ್ತದೆ.

ಮೊದಲು ಪರದೆಯನ್ನು ನೋಡಬೇಕು. ಮನೆಯ ಟೀವಿ ಅಡ್ಡಲಾಗಿ ಅಗಲ. ಈ ಬಗೆಯ ಆಟಗಳ ಪೆಟ್ಟಿಗೆಯಲ್ಲಿ ಅದೇ ಪರದೆಯನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸುತ್ತಾರೆ. ವಿಮಾನ ಸಾಮಾನ್ಯವಾಗಿ ಪರದೆಯ ಕೆಳಭಾಗದಲ್ಲಿರುತ್ತದೆ. ನೆಲ ಮೇಲಿನಿಂದ ಕೆಳಕ್ಕೆ ಸರಿಯುತ್ತದೆ. ಹಾಗಾಗಿ ಮುಂದಿನ ದಾರಿ ದೂರದವರೆಗೆ ಕಾಣುತ್ತದೆ, ಬರುವ ಅಪಾಯವನ್ನು ಅಳೆಯಲು ಒಂದೆರಡು ಗಳಿಗೆ ಸಿಗುತ್ತದೆ. ಆದರೆ ಅಕ್ಕಪಕ್ಕದಲ್ಲಿ ಜಾಗ ಕಡಿಮೆ, ಓಡಿಹೋಗಿ ಅಡಗಿಕೊಳ್ಳುವಂತಿಲ್ಲ. ಯೋಚಿಸಲು ಸಮಯ ಕೊಟ್ಟು, ತಪ್ಪಿಸಿಕೊಳ್ಳಲು ಜಾಗ ಕೊಡದ ಈ ಚೌಕಟ್ಟೇ ಆಟದ ಬುನಾದಿ.

ಇದು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ನಾಮ್ಕೋದ ‘ಜೆವಿಯಸ್’ ಆಕಾಶದ ಶತ್ರುವಿಗೆ ಗುಂಡು, ನೆಲದ ಶತ್ರುವಿಗೆ ಬಾಂಬು ಎಂದು ಎರಡು ಆಯುಧಗಳನ್ನು ಬೇರ್ಪಡಿಸಿತು. 1984ರಲ್ಲಿ ಕ್ಯಾಪ್ಕಾಮ್‌ನ ‘1942’ ಎರಡನೇ ಮಹಾಯುದ್ಧದ ವಿಮಾನಗಳನ್ನು ಪರದೆಗೆ ತಂದಿತು. ಮರುವರ್ಷ ಟೋಆಪ್ಲಾನ್‌ನ ‘ಟೈಗರ್-ಹೆಲಿ’ ಸಂಕಟದಲ್ಲಿ ಕೈಹಿಡಿಯುವ ಬಾಂಬನ್ನು ಕೊಟ್ಟಿತು. ರೈಡೆನ್ ಈ ದಾರಿಯಲ್ಲೇ ಬಂದದ್ದು. ಅದರ ಹೆಚ್ಚುಗಾರಿಕೆ ಇರುವುದು ಪ್ರತಿಯೊಂದು ಅಂಶವನ್ನೂ ತೂಗಿ ಜೋಡಿಸಿದ ರೀತಿಯಲ್ಲಿ.

ಆಯುಧವನ್ನೇ ತೆಗೆದುಕೊಳ್ಳಿ. ಕೆಲವು ಶತ್ರುಗಳನ್ನು ಹೊಡೆದಾಗ ಒಂದು ಹರಳು ಹೊರಬಿದ್ದು ಪರದೆಯಲ್ಲಿ ತೇಲುತ್ತ, ಕೆಂಪು-ನೀಲಿಯಾಗಿ ಬಣ್ಣ ಬದಲಿಸುತ್ತಿರುತ್ತದೆ. ಕೆಂಪು ಹಿಡಿದರೆ ಬೀಸಣಿಗೆಯಂತೆ ಹರಡುವ ಗುಂಡು, ನೀಲಿ ಹಿಡಿದರೆ ಕಿರಿದಾದ, ಬಲವಾದ ಲೇಸರ್. ಒಂದೇ ಬಣ್ಣವನ್ನು ಮತ್ತೆ ಮತ್ತೆ ಹಿಡಿದಷ್ಟೂ ಬಲ ಹೆಚ್ಚುತ್ತದೆ. ಬೇಕಾದ ಬಣ್ಣ ಬರುವವರೆಗೆ ಕಾಯಬೇಕು. ಕಾಯುವಾಗಲೂ ಗುಂಡುಗಳು ಬರುತ್ತಲೇ ಇರುತ್ತವೆ. ಒಂದು ಪುಟ್ಟ ಹರಳು ಆಟಗಾರನ ತಾಳ್ಮೆಯನ್ನೂ ಆಸೆಯನ್ನೂ ಒಟ್ಟಿಗೆ ಪರೀಕ್ಷಿಸುತ್ತದೆ. ವಿಮಾನ ನಾಶವಾದರೆ ಕೂಡಿಟ್ಟ ಬಲವೂ ಹೋಗುತ್ತದೆ.

ನಿಜವಾದ ಕಸುಬು ಕಾಣುವುದು ಶತ್ರುವಿನ ಗುಂಡಿನಲ್ಲಿ. ಹೊಸಬರ ಕಣ್ಣಿಗೆ ಅದು ಗೊತ್ತುಗುರಿಯಿಲ್ಲದ ಮಳೆ. ಆದರೆ ಹೆಚ್ಚಿನ ಗುಂಡುಗಳು ಹೊರಟ ಕ್ಷಣದಲ್ಲಿ ವಿಮಾನ ಎಲ್ಲಿತ್ತೋ ಅಲ್ಲಿಗೇ ನೇರವಾಗಿ ಹೋಗುತ್ತವೆ, ನಡುವೆ ತಿರುಗುವುದಿಲ್ಲ. ಇದು ತಿಳಿದವರು ಗಾಬರಿಯಿಂದ ಅತ್ತಿತ್ತ ಹಾರುವುದಿಲ್ಲ. ಒಂದೇ ದಿಕ್ಕಿಗೆ ಮೆಲ್ಲಗೆ ಸರಿಯುತ್ತ ಗುಂಡುಗಳನ್ನೆಲ್ಲ ಪರದೆಯ ಒಂದು ಬದಿಗೆ ಸೆಳೆದು, ಅಂಚು ತಲಪುವ ಮೊದಲೇ ಸಿಕ್ಕ ಸಂದಿಯಲ್ಲಿ ಹಿಂದಕ್ಕೆ ನುಸುಳುತ್ತಾರೆ. ಶತ್ರುವಿನ ಗುಂಡು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರು ಕೊನೆಗೆ ಆಡುವವರೇ.

ಬಾಂಬಿನ ಹಿಂದೆಯೂ ಇಷ್ಟೇ ಯೋಚನೆಯಿದೆ. ರೈಡೆನ್ನಿನ ಬಾಂಬು ಬಟನ್ ಒತ್ತಿದ ಕೂಡಲೇ ಸಿಡಿಯುವುದಿಲ್ಲ. ಮುಂದಕ್ಕೆ ಹೋಗಿ, ಒಂದು ಕ್ಷಣ ತಡೆದು ಸ್ಫೋಟಿಸುತ್ತದೆ. ಗುಂಡು ಮೂಗಿನ ತುದಿಗೆ ಬಂದಮೇಲೆ ಒತ್ತಿದರೆ ಉಪಯೋಗವಿಲ್ಲ. ಕಷ್ಟ ಬರುವ ಸೂಚನೆ ಕಂಡಾಗಲೇ ಒತ್ತಬೇಕು. ಹೀಗಾಗಿ ಆಪತ್ತಿನ ಆಯುಧವೂ ಇಲ್ಲಿ ಮುಂದಾಲೋಚನೆಯನ್ನೇ ಕೇಳುತ್ತದೆ.

ಇದೆಲ್ಲದರ ಹಿಂದೆ ಒಂದು ವ್ಯಾಪಾರದ ಲೆಕ್ಕವೂ ಇತ್ತು. ಜಪಾನಿನ ಗೇಮ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ 100 ಯೆನ್ ನಾಣ್ಯ ಹಾಕಿ ಆಡಬೇಕು. ಆಟ ಬೇಗ ಮುಗಿದರೆ ಮಾಲೀಕನಿಗೆ ಲಾಭ. ಆದರೆ ಮೋಸವಾಯಿತು ಅನ್ನಿಸಿದರೆ ಗಿರಾಕಿ ಮತ್ತೆ ಬರುವುದಿಲ್ಲ. ಆದ್ದರಿಂದ ಸೋತವರಿಗೆ ತಾನೆಲ್ಲಿ ಎಡವಿದೆ ಎಂಬುದು ಸ್ಪಷ್ಟವಾಗಿ ಕಾಣಬೇಕು. ಕೊಲ್ಲುವುದು ಸುಲಭ, ಕಲಿಸಿ ಕೊಲ್ಲುವುದು ಕಷ್ಟ. ಎಂಟು ಹಂತಗಳ ಈ ಆಟದಲ್ಲಿ ಶತ್ರುಗಳು ಬರುವ ಕ್ರಮ ನಿಗದಿಯಾಗಿದೆ. ಪ್ರತಿ ಸೋಲೂ ಒಂದು ಪಾಠವಾಗುವುದು ಇದರಿಂದಲೇ. ಎಂಟನೆಯದನ್ನು ಗೆದ್ದವರನ್ನು ಆಟ ಮತ್ತೆ ಮೊದಲಿಗೆ ಕರೆದೊಯ್ದು ಇನ್ನಷ್ಟು ಕಠಿಣವಾಗುತ್ತದೆ.

ಮುಂದೆ ಈ ಪ್ರಕಾರ ಹಲವು ಕವಲಾಯಿತು. 1992ರ ‘ಸೋನಿಕ್ ವಿಂಗ್ಸ್’ ಅಮೆರಿಕದ ಟಾಮ್‌ಕ್ಯಾಟ್, ಸ್ವೀಡನ್ನಿನ ವಿಗೆನ್, ಬ್ರಿಟನ್ನಿನ ಹ್ಯಾರಿಯರ್‌ನಂಥ ನಿಜವಾದ ಯುದ್ಧವಿಮಾನಗಳನ್ನು ತಂದು, ಒಂದೊಂದಕ್ಕೂ ಬೇರೆ ಸ್ವಭಾವ ಕೊಟ್ಟಿತು. 1997ರ ‘ಡೋಡೊನ್‌ಪಾಚಿ’ ಪರದೆ ತುಂಬ ಗುಂಡು ಹರಿಸಿ, ಗುಂಡು ತಗಲುವ ಭಾಗವನ್ನು ವಿಮಾನದ ನಡುವಿನ ಸಣ್ಣ ಚುಕ್ಕೆಯಷ್ಟಕ್ಕೆ ಇಳಿಸಿತು. ಸೇಯ್ಬು ಕೈಹತ್ಸುವಿನ ಹಳಬರು ಸೇರಿ ಕಟ್ಟಿದ ಮೋಸ್ ಸಂಸ್ಥೆ 2005ರಲ್ಲಿ ‘ರೈಡೆನ್ 3’ ತಂದು ಪರಂಪರೆಯನ್ನು ಮುಂದುವರಿಸಿತು.

ಈ ಆಟಗಳನ್ನು ಮಕ್ಕಳ ಕಾಲಹರಣವೆಂದು ತಳ್ಳಿಹಾಕುವವರು ಅವುಗಳ ಕಟ್ಟುಗಾರಿಕೆಯನ್ನು ಸರಿಯಾಗಿ ನೋಡಿಲ್ಲ. ರೈಡೆನ್ ಸಿಕ್ಕರೆ ಒಮ್ಮೆ ಆಡಿ. ಮೊದಲ ಹಂತದಲ್ಲೇ ಸೋತರೆ ಬೇಸರ ಬೇಡ, ಆ ಗುಂಡು ಎಲ್ಲಿಂದ ಹೊರಟಿತು, ಆಗ ನೀವೆಲ್ಲಿದ್ದಿರಿ ಎಂದು ಗಮನಿಸಿ. ಎರಡನೇ ಸಲ ಆಡುವಾಗ ಆ ಗುಂಡನ್ನು ನೀವೇ ಬದಿಗೆ ಸರಿಸುತ್ತೀರಿ.