ಮೇಳ, ಕಂಪನಿ, ತಿರುಗಾಟ: ಊರೂರು ಸುತ್ತುವವರನ್ನ ಏನಂತ ಕರೀಬೇಕು?

ಫೆಸ್ಟ್ ನೋಂದಣಿ ಫಾರಂನಲ್ಲಿ 'ತಂಡದ ಹೆಸರು' ಅಂತ ಒಂದು ಖಾನೆ ಇದ್ದೇ ಇರುತ್ತೆ. ಕ್ರಿಕೆಟ್ ಆಡೋರು, ರೋಬೋ ಓಡಿಸೋರು, ಬೀದಿನಾಟಕದವರು ಎಲ್ಲರೂ ಅದೇ ಖಾನೆ ತುಂಬಬೇಕು. ಇಂಗ್ಲಿಷಿನಲ್ಲಿ ಕಲಾವಿದರ ಗುಂಪಿಗೇ ಅಂತ 'ಟ್ರೂಪ್' ಎಂಬ ಪದ ಇದೆ, ಕನ್ನಡದಲ್ಲಿ ಬರೀ 'ತಂಡ'ನಾ ಅಂತ ಕೇಳೋರಿದ್ದಾರೆ. ಕನ್ನಡದಲ್ಲಿ ಇಂಥ ಪದಗಳು ಹಲವಾರಿವೆ. ಅಷ್ಟೇ ಅಲ್ಲ, ಆ ಗುಂಪಿಗೆ ಅನ್ನ ಎಲ್ಲಿಂದ ಬರುತ್ತೆ ಅನ್ನೋದನ್ನೂ ಆ ಪದಗಳೇ ಹೇಳಿಬಿಡುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಮೇಳ. ಕರಾವಳಿ, ಮಲೆನಾಡಿನ ಗೆಳೆಯರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮೇಳ ಅಂದ್ರೆ ಕೂಡುವುದು, ಸೇರುವುದು. ಉದ್ಯೋಗ ಮೇಳ, ಕೃಷಿ ಮೇಳದಲ್ಲೂ ಇರೋದು ಅದೇ ಅರ್ಥ. ಯಕ್ಷಗಾನದಲ್ಲಿ ಭಾಗವತರು, ಚೆಂಡೆ, ಮದ್ದಳೆಯವರು ಸೇರಿದ್ರೆ ಹಿಮ್ಮೇಳ, ವೇಷಧಾರಿಗಳು ಸೇರಿದ್ರೆ ಮುಮ್ಮೇಳ, ಎರಡೂ ಕೂಡಿ ಊರೂರು ಹೊರಟರೆ ಮೇಳ. ಧರ್ಮಸ್ಥಳ, ಕಟೀಲು, ಮಂದಾರ್ತಿಯಂಥ ಮೇಳಗಳು ದೇವಸ್ಥಾನದ ಹೆಸರಲ್ಲೇ ತಿರುಗುತ್ತವೆ. ಹರಕೆ ಹೊತ್ತವರು ಆಟ ಆಡಿಸ್ತಾರೆ, ಖರ್ಚು ಅವರದ್ದು. ನೋಡುವವರಿಗೆ ಟಿಕೆಟ್ ಇಲ್ಲ. ಕಟೀಲು, ಮಂದಾರ್ತಿಯಲ್ಲಿ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಬೇಕು. ಈ ಬೇಡಿಕೆ ಪೂರೈಸೋಕೆ ಒಂದೇ ಕ್ಷೇತ್ರದಿಂದ ಹಲವು ಮೇಳಗಳು ಹೊರಡುತ್ತವೆ.

ಮೇಳ ಒಂದು ಶಾಲೆಯೂ ಹೌದು. ಹೊಸ ಹುಡುಗ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಶುರು ಮಾಡಿ, ಚೌಕಿಯಲ್ಲಿ ಹಿರಿಯರು ಬಣ್ಣ ಹಚ್ಚೋದನ್ನ ನೋಡ್ತಾ ನೋಡ್ತಾ ಮೇಲೆ ಬರ್ತಾನೆ. ಕಲಾವಿದರ ಅನುಭವವನ್ನ ಲೆಕ್ಕ ಹಾಕೋದು ತಿರುಗಾಟದಲ್ಲಿ: "ಇಪ್ಪತ್ತು ತಿರುಗಾಟ ಆಯ್ತು" ಅಂದ್ರೆ ಇಪ್ಪತ್ತು ವರ್ಷ ಮೇಳದಲ್ಲಿ ದುಡಿದಿದ್ದಾರೆ ಅಂತ. ಒಂದು ತಿರುಗಾಟ ಹೆಚ್ಚುಕಡಿಮೆ ಆರು ತಿಂಗಳು. ಮಳೆಗಾಲ ಕಳೆದ ಮೇಲೆ ಹೊರಟ ಮೇಳ, ತುಳುನಾಡಿನಲ್ಲಾದರೆ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತೆ. ಉಳಿದರ್ಧ ವರ್ಷ ಏನು ಮಾಡೋದು? ಕೆಲವರು ತೋಟ, ಗದ್ದೆ ನೋಡಿಕೊಳ್ತಾರೆ. ಕೆಲವರು ತಾಳಮದ್ದಳೆಗೆ ಹೋಗ್ತಾರೆ. ಇನ್ನು ಕೆಲವರು ಎರಡು ವೇಷ, ಪುಟ್ಟ ಹಿಮ್ಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗಿ ಸಣ್ಣ ಪ್ರಸಂಗ ಆಡಿ ತೋರಿಸ್ತಾರೆ. ಅದಕ್ಕೆ ಹೆಸರು ಚಿಕ್ಕಮೇಳ. ಮೇಳ ಚಿಕ್ಕದಾಯ್ತು, ಪದ ಬದಲಾಗಲಿಲ್ಲ.

ಎರಡನೆಯದು ಕಂಪನಿ. 19ನೇ ಶತಮಾನದಲ್ಲಿ ಮುಂಬೈಯ ಪಾರ್ಸಿ ನಾಟಕ ಕಂಪನಿಗಳು ಬಣ್ಣದ ಪರದೆ, ಸೀನರಿಗಳನ್ನ ಹೊತ್ತು ದೇಶ ಸುತ್ತಿದವು. ಆ ವ್ಯಾಪಾರದ ಮಾದರಿ ನಮ್ಮಲ್ಲಿಗೂ ಬಂತು, ಪದವೂ ಜೊತೆಗೇ ಬಂತು. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಕಾಗದದ ಮೇಲೆ ಮಾತ್ರ 'ಸಂಘ'. ಜನರ ಬಾಯಲ್ಲಿ ಅದು ಗುಬ್ಬಿ ಕಂಪನಿ. ಜನ ಸರಿಯಾಗೇ ಹೆಸರಿಟ್ಟಿದ್ದರು. ಕಂಪನಿಗೆ ಮಾಲೀಕ ಇರ್ತಾನೆ, ನಟರಿಗೆ ಸಂಬಳ ಇರುತ್ತೆ, ಗಲ್ಲಾಪೆಟ್ಟಿಗೆ ಇರುತ್ತೆ. ಒಂದೂರಲ್ಲಿ 'ಕ್ಯಾಂಪ್' ಹಾಕಿದ್ರೆ ಕಲೆಕ್ಷನ್ ಆಗೋವರೆಗೂ ಅಲ್ಲೇ. ಟಿಕೆಟ್ ಮಾರಿಯೇ ಬದುಕಬೇಕಾದ್ದರಿಂದ ಜನರನ್ನ ಬೆರಗುಗೊಳಿಸಲೇಬೇಕು. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕದಲ್ಲಿ ಜೀವಂತ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿದ್ದು ಹಾಗೆ. ಮುಂದೆ ರಾಜ್‌ಕುಮಾರ್, ಬಿ.ವಿ. ಕಾರಂತರಂಥವರೂ ಈ ಕಂಪನಿಯ ಅನ್ನ ಉಂಡೇ ಬೆಳೆದರು. ಈಗಲೂ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದ್ರೆ ಒಂದರ ಪಕ್ಕ ಒಂದು ಕಂಪನಿ ಥಿಯೇಟರ್ ಎದ್ದು ನಿಂತಿರುತ್ತೆ, ರಾತ್ರಿಯಿಡೀ ನಾಟಕ.

ಗಲ್ಲಾಪೆಟ್ಟಿಗೆಯ ಆಸೆ ಮೇಳಕ್ಕೂ ತಟ್ಟಿತ್ತು. ಸಾಲಿಗ್ರಾಮ, ಪೆರ್ಡೂರಿನಂಥವು ಡೇರೆ ಕಟ್ಟಿ, ಕುರ್ಚಿ ಹಾಕಿ, ಟಿಕೆಟ್ ಇಟ್ಟು 'ಡೇರೆ ಮೇಳ' ಅಂತ ಹೆಸರಾದವು. ಹೆಸರು ಮೇಳ, ಲೆಕ್ಕ ಕಂಪನಿಯದ್ದು. ಟಿಕೆಟ್ ನಂಬಿದವರಿಗೆ ಸಿನಿಮಾ, ಟಿವಿ ಬಂದಾಗ ಪೆಟ್ಟು ಬಿತ್ತು. ಹರಕೆ ನಂಬಿದ ಮೇಳಗಳಿಗೆ ಆ ಪೆಟ್ಟು ಅಷ್ಟಾಗಿ ತಾಗಲಿಲ್ಲ. ಕುಣಿತ, ಮಾತುಗಾರಿಕೆ ಎರಡೂ ಕಡೆ ಇದ್ದವು. ವ್ಯತ್ಯಾಸ ಇದ್ದಿದ್ದು ದುಡ್ಡು ಬರುವ ದಾರಿಯಲ್ಲಿ.

ಮೂರನೆಯದು ತಿರುಗಾಟ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1985ರಲ್ಲಿ ತನ್ನ ಸಂಚಾರಿ ತಂಡಕ್ಕೆ ಇಟ್ಟ ಹೆಸರೇ ಇದು. ಮೇಳದವರ ಬಾಯಲ್ಲಿ ಮೊದಲೇ ಇದ್ದ ಮಾತು ಇಲ್ಲಿ ಗುಂಪಿನ ಹೆಸರಾಯ್ತು. ಪ್ರತಿ ವರ್ಷ ಹೊಸ ನಾಟಕಗಳನ್ನ ಕಟ್ಟಿಕೊಂಡು ಹೊರಡ್ತಾರೆ. ಊರಲ್ಲಿ ಒಬ್ಬ ಮೇಷ್ಟ್ರೋ, ಒಂದು ಯುವಕ ಸಂಘವೋ, ಒಂದು ಕಾಲೇಜೋ ಮುಂದೆ ಬಂದು ಜಾಗ, ಊಟ, ವಸತಿ ನೋಡಿಕೊಳ್ಳಬೇಕು. ಸೆಟ್ ಇಳಿಸೋದು, ಲೈಟ್ ಕಟ್ಟೋದು ನಟರೇ. 1997ರಲ್ಲಿ ಸಾಣೇಹಳ್ಳಿಯಿಂದ ಹೊರಟ 'ಶಿವಸಂಚಾರ'ದ ಹೆಸರಲ್ಲೂ ನಡಿಗೆಯೇ ಇದೆ. ಇಲ್ಲಿ ಅನ್ನ ಬರೋದು ಊರಿನ ಆತಿಥ್ಯದಿಂದ. ಕರೆಯೋರು ಇಲ್ಲದಿದ್ರೆ ತಿರುಗಾಟ ಇಲ್ಲ.

ಇನ್ನೂ ಒಂದು ಗುಂಪಿದೆ, ಅವರಿಗೆ ನಾವು ಇಂಥ ಪದವನ್ನೇ ಕೊಟ್ಟಿಲ್ಲ. ಹಗಲುವೇಷದವರು, ಹಗ್ಗದ ಮೇಲೆ ನಡೆಯುವ ದೊಂಬರು ಇಡೀ ಸಂಸಾರ ಕಟ್ಟಿಕೊಂಡು ಊರೂರು ಸುತ್ತಿದವರು. ಅವರದ್ದೂ ಮೇಳವೇ, ಅವರಲ್ಲೂ ಗುರುವಿದ್ದ, ಕಲಿಕೆಯಿತ್ತು. ಆದ್ರೆ ಅವರನ್ನ ಕರೆದದ್ದು ಜಾತಿಯ ಹೆಸರಿಂದ ಇಲ್ಲವೇ ವೇಷದ ಹೆಸರಿಂದ. 'ದೊಂಬರಾಟ' ಅನ್ನೋದನ್ನ ಇವತ್ತಿಗೂ ಬೈಗುಳದ ಹಾಗೆ ಬಳಸ್ತೀವಿ, ವರ್ಷಗಟ್ಟಲೆ ಸಾಧನೆ ಬೇಡುವ ಸಮತೋಲನದ ವಿದ್ಯೆ ಅದು ಅನ್ನೋದನ್ನೇ ಮರೆತು. 'ಕಂಪನಿ ನಾಟಕ' ಅನ್ನೋದನ್ನೂ ಅತಿಯಾದ ನಟನೆಗೆ ಹಂಗಿಸೋಕೆ ಬಳಸ್ತೀವಿ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವನಿಗೂ ಮಾತು ಮುಟ್ಟಿಸಬೇಕಿತ್ತು, ಅದಕ್ಕೇ ಆ ಗಟ್ಟಿ ದನಿ.

ಹಾಗಾಗಿ ಫೆಸ್ಟ್‌ಗೆ ಯಾರನ್ನಾದ್ರೂ ಕರೆಸುವಾಗ ಪೋಸ್ಟರ್‌ನಲ್ಲಿ 'ಜಾನಪದ ತಂಡದಿಂದ ಮನರಂಜನೆ' ಅಂತ ಸುಮ್ಮನೆ ಹಾಕೋದು ಬೇಡ. ಬರುವವರು ತಮ್ಮನ್ನ ತಾವು ಏನಂತ ಕರ್ಕೋತಾರೆ ಕೇಳೋಣ, ಅದನ್ನೇ ಅಚ್ಚು ಹಾಕೋಣ. ಅವರಿಗೆ ಹರಕೆಯವರಿದ್ದಾರಾ, ಗಲ್ಲಾಪೆಟ್ಟಿಗೆ ಇದೆಯಾ, ಆತಿಥ್ಯ ಮಾಡುವ ಊರಿದೆಯಾ ಅನ್ನೋದೂ ಗೊತ್ತಾಗುತ್ತೆ. ಈ ಮೂರೂ ಇಲ್ಲ ಅಂದ್ರೆ ಆ ದಿನದ ಮಟ್ಟಿಗೆ ಮೂರೂ ನಾವೇ. ಸ್ಮರಣಿಕೆ, ಶಾಲು ಆಮೇಲೆ ಇದ್ದೇ ಇದೆ. ಸಂಭಾವನೆ, ಬಸ್ ಖರ್ಚು, ರಾತ್ರಿ ಊಟ ಇವು ಮೊದಲು ಬಜೆಟ್‌ನಲ್ಲಿ ಬರಲಿ.